ಶಂಖ ಊದದ ಬೆಳಗುಗಳು

ಶರತ್ಕಾಲ ಮುಗಿಯುತ್ತ ಬಂದಿತ್ತು. ಬಡಗಣ ಕರಾವಳಿಯ ಆ ಊರಿನಲ್ಲಿ ಮಳೆ ಹಿಂದೆಗೆದಿತ್ತು. ಕಡಲ ನೀರು ಕೆಂಪು ಕಳೆದು ತಿಳಿಯಾಗಿತ್ತು. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಕೂರುತ್ತಿತ್ತು.

ಹೊಳೆ ಕಡಲನ್ನು ಸೇರುವ ಅಳಿವೆಯ ತೆಂಕಣ ದಡದಲ್ಲಿ ಒಂದು ಬಂಡೆ. ಬಂಡೆಯ ಹಿಂದೆ ಸೋಗೆ ಹೊದಿಸಿದ ಆಶ್ರಮ. ಅಲ್ಲಿದ್ದ ಗುರುಗಳನ್ನು ಊರವರು ಅಳಿವೆಯಜ್ಜ ಎಂದು ಕರೆಯುತ್ತಿದ್ದರು.

ಆಶ್ರಮದಲ್ಲಿ ಯಾರೇ ಇರಲಿ, ಅವರು ಊರಿಗೆ ಮಾಡಿಕೊಡಬೇಕಾದ ಕೆಲಸ ಒಂದಿತ್ತು. ಬೆಳಕು ಹರಿಯುವಾಗ ಬಂಡೆಯ ಮೇಲೆ ನಿಂತು ಗಾಳಿ, ಮೋಡ, ಅಲೆ ನೋಡುವುದು. ದಿನ ಒಳ್ಳೆಯದಿದ್ದರೆ ಶಂಖ ಊದುವುದು. ಶಂಖ ಕೇಳಿದರೆ ದೋಣಿಗಳು ಅಳಿವೆ ದಾಟಿ ಮೀನಿಗೆ ಹೋಗುತ್ತಿದ್ದವು. ಕೇಳದಿದ್ದರೆ ದಂಡೆಯಲ್ಲೇ ಉಳಿಯುತ್ತಿದ್ದವು.

ಆ ವರ್ಷ ಗುರುಗಳ ಕಣ್ಣಿಗೆ ಪೊರೆ ಬಂತು.

ಅವರು ಶಿಷ್ಯ ವಿಠೋಬನನ್ನು ಕರೆದರು. "ಇನ್ನು ಮೇಲೆ ನೋಡುವುದು ನೀನು, ಊದುವುದು ನಾನು."

ವಿಠೋಬ ಒಂದು ಹೆಜ್ಜೆ ಹಿಂದೆ ಸರಿದ.

ಅವನೂ ಕಡಲ ದಂಡೆಯಲ್ಲೇ ಬೆಳೆದವನು, ತೆಂಕಣ ಕಡೆಯ ಇನ್ನೊಂದು ಊರಿನವನು. ಹೋದ ವರ್ಷ, ಇದೇ ಕಾರ್ತಿಕದಲ್ಲಿ, ತೊಳೆದಿಟ್ಟ ಬಟ್ಟಲಿನಂಥ ಆಕಾಶದ ಕೆಳಗೆ ಅವನ ತಮ್ಮ ದೋಣಿ ನೂಕಿಕೊಂಡು ಹೋಗಿದ್ದ. ಸಂಜೆ ದೋಣಿಯ ಹಲಗೆಗಳು ಮಾತ್ರ ಬಂದವು.

ಆಮೇಲೆ ವಿಠೋಬ ನೀರಿಗೆ ಇಳಿಯಲಿಲ್ಲ. ಬಲೆಯನ್ನು ನೆರೆಯವರಿಗೆ ಕೊಟ್ಟು ಆಶ್ರಮಕ್ಕೆ ಬಂದ. ತಮ್ಮನ ಹೆಸರನ್ನು ಇಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಗುರುಗಳೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಬಂಡೆ ಹತ್ತಿದರು.

"ಏನು ಕಾಣುತ್ತದೆ?" ಎಂದರು ಗುರುಗಳು.

"ಬಿರುಗಾಳಿ."

"ಬೀಸುತ್ತಿದೆಯೇ?"

"ಇಲ್ಲ. ಬರುತ್ತದೆ."

"ಬರುವುದನ್ನು ಆಮೇಲೆ ನೋಡೋಣ. ಇರುವುದನ್ನು ಹೇಳು."

"ಪಡುವಣದಲ್ಲಿ ಕೆಟ್ಟ ಮೋಡವಿದೆ."

"ಕೈ ಚಾಚಿ ಅಳೆದು ನೋಡು. ಎಷ್ಟು ದೊಡ್ಡದು?"

ವಿಠೋಬ ಕೈ ಚಾಚಿದ. "ಅಂಗೈಯಲ್ಲಿ ಮುಚ್ಚಿಹೋಗುತ್ತದೆ."

"ಬಣ್ಣ?"

"ಬಿಳಿ."

"ಅಂಗೈಯಷ್ಟು ಬಿಳಿ ಮೋಡ. ಇದರಲ್ಲಿ ಕೆಟ್ಟದ್ದು ಯಾವುದಪ್ಪಾ?"

ವಿಠೋಬ ಚಾಚಿದ ಕೈ ಇಳಿಸಿದ.

"ನೀನು ಹೊತ್ತು ತಂದ ಮೋಡ ನನಗೆ ಬೇಡ. ಅಲ್ಲಿರುವ ಮೋಡ ಸಾಕು," ಎಂದ ಗುರುಗಳು ಶಂಖ ಊದಿದರು.

ದೋಣಿಗಳು ಹೋದವು, ಬಂದವು. ಅವು ಬರುವ ತನಕ ವಿಠೋಬ ಮತ್ತೆ ಮತ್ತೆ ಬಂಡೆ ಹತ್ತಿ ಇಳಿದ.

ಹೀಗೇ ಕೆಲವು ಬೆಳಗು ಕಳೆದವು. ದಿನವೂ ಶಿಷ್ಯ ಬಿರುಗಾಳಿ ಎನ್ನುವನು. ದಿನವೂ ಗುರುಗಳು ಕೆದಕಿ ಕೇಳಿ, ನಿಜ ತಿಳಿದು, ಶಂಖ ಊದುವರು.

ಕೊನೆಗೊಂದು ದಿನ ಅವರು ಶಂಖವನ್ನು ಅವನ ಕೈಗಿಟ್ಟರು. "ಕಣ್ಣು ಒಬ್ಬನದು, ಉಸಿರು ಇನ್ನೊಬ್ಬನದು ಆದರೆ ಕೆಲಸ ಕೆಡುತ್ತದೆ. ಎರಡೂ ನಿನ್ನದೇ ಇರಲಿ."

ಮರುದಿನ ಶಂಖದ ದನಿ ಕೇಳಲಿಲ್ಲ.

ಅದರ ಮರುದಿನವೂ ಕೇಳಲಿಲ್ಲ.

ವಿಠೋಬನಿಗೆ ಒಂದೊಂದು ಬೆಳಿಗ್ಗೆ ಒಂದೊಂದು ಕಾರಣ ಸಿಗುತ್ತಿತ್ತು. ಮೂಡಗಾಳಿ ಹೆಚ್ಚು ತಣ್ಣಗಿದೆ. ಚಂದ್ರನ ಸುತ್ತ ಬಳೆ ಕಟ್ಟಿತ್ತು. ಕಾಗೆ ತಗ್ಗಿನಲ್ಲಿ ಹಾರಿತು. ಒಂದು ದಿನ ಏನೂ ಸಿಗದೆ, ಆಕಾಶ ಇಷ್ಟು ಚೆನ್ನಾಗಿರುವುದೇ ಸರಿಯಲ್ಲ ಎಂದುಕೊಂಡ.

ಕಡಲು ಮಾತ್ರ ದಿನವಿಡೀ ಹಾಯಾಗಿ ಬಿಸಿಲು ಕಾಯಿಸಿಕೊಂಡು ಮಲಗಿರುತ್ತಿತ್ತು.

 ಗುರುಗಳು ಕೂತು, ಕೈಬೆರಳಿನಿಂದ ತಡವಿ ತಡವಿ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು.

ಒಂದು ಬೆಳಿಗ್ಗೆ ಮೀನು ಮಾರುವ ಸೋಮಿ ಬಂಡೆ ಹತ್ತಿ ಬಂದಳು. ಹಿಂದೆ ಇನ್ನೂ ನಾಲ್ಕಾರು ಹೆಂಗಸರು. ಎಲ್ಲರ ತಲೆಯ ಮೇಲೂ ಬುಟ್ಟಿ ಬೋರಲಾಗಿತ್ತು.

"ಸ್ವಾಮೇರೇ, ಶಂಖಕ್ಕೆ ಗಂಟಲು ಕಟ್ಟಿದ್ಯಾ?" ಎಂದಳು ಸೋಮಿ. "ಹೇಳಿ, ಶುಂಠಿ ಕಷಾಯ ಮಾಡಿ ತರ್ತೆ."

ಹೆಂಗಸರು ನಕ್ಕರು.

"ದಿನ ಸರಿಯಿಲ್ಲ, ಸೋಮಕ್ಕಾ," ಎಂದ ವಿಠೋಬ.

"ಎಂತ ಸರಿಯಿಲ್ಲ? ಎಣ್ಣೆ ಹೊಯ್ದಂಗೆ ಬಿದ್ಕೊಂಡದೆ ಕಡಲು! ಮಳೆಗಾಲ ಪೂರ್ತಿ ಒಣಮೀನು ನೆಕ್ಕಿ ದಿನ ದೂಡಿದ್ದು ಈ ಕಾರ್ತಿಕ ಬರಲಿ ಅಂತ. ಈಗ ಒಲೆ ಮುಂದೆ ಕೂತು ನಿಮ್ಮ ಶಂಖದ ಜಪ ಮಾಡೂದಾ?"

"ನಾನು ಊದುವುದು ನಿಲ್ಲಿಸಿದ ಮೇಲೆ ಒಬ್ಬರಾದರೂ ಸತ್ತಿದ್ದಾರೆಯೇ?"

ಸೋಮಿಯ ನಗು ನಿಂತಿತು. ಅವಳು ಬುಟ್ಟಿ ಇಳಿಸಿ ಅವನ ಎದುರು ಕುಕ್ಕರಗಾಲಲ್ಲಿ ಕೂತಳು.

"ಕೇಳಿ ಇಲ್ಲಿ. ನಾಳೆ ನಮ್ಮನೆಯವರು ಶಂಖ ಇರಲಿ ಬಿಡಲಿ ಹೋತೆ ಅಂದಿದ್ದಾರೆ. ಅವರು ಹೋದರೆ ಎಲ್ಲರೂ ಹೋತಾರೆ. ಶಂಖ ಕೇಳದೆ ಹೋಗೂದು ಒಮ್ಮೆ ರೂಢಿಯಾಯ್ತು ಅಂದರೆ, ನಿಜವಾದ ಬಿರುಗಾಳಿಯ ದಿನವೂ ಹೋತಾರೆ. ಆವತ್ತು ನೀವು ಊದದೆ ಇದ್ದದ್ದು ಯಾರಿಗೆ ಗೊತ್ತಾಗೂದು?"

ಅವಳು ಎದ್ದು ಹೋದಳು. 

ವಿಠೋಬ ಶಂಖವನ್ನು ತಂದು ಗುರುಗಳ ಮುಂದಿಟ್ಟ.

"ಇದು ನನ್ನಿಂದಾಗದು. ಊದಿದರೆ ಯಾರಾದರೂ ಸಾಯಬಹುದು. ಊದದಿದ್ದರೂ ಸಾಯಬಹುದು ಎನ್ನುತ್ತಾಳೆ ಸೋಮಕ್ಕ. ನಾಳೆ ಅವಳ ಗಂಡ ಜಟ್ಟಿ ಹೇಗೂ ಹೊರಡುತ್ತಾನಂತೆ."

"ಹೌದು, ನನಗೂ ಹೇಳಿದ," ಎಂದರು ಗುರುಗಳು. "ಅವನ ದೋಣಿಯಲ್ಲಿ ನಾನೂ ಹೋಗುತ್ತಿದ್ದೇನೆ."

ವಿಠೋಬ ಬೆಚ್ಚಿದ. "ನೀವೇ? ನಾನು ಊದದಿದ್ದರೆ?"

"ಆಗಲೂ ಹೋಗುತ್ತೇನೆ."

"ಊದಿದರೂ ಹೋಗುತ್ತೀರಿ, ಊದದಿದ್ದರೂ ಹೋಗುತ್ತೀರಿ! ಹಾಗಾದರೆ ನಾನು ನೋಡುವುದಾದರೂ ಯಾತಕ್ಕೆ?"

"ನೀನು ಒಮ್ಮೆಯಾದರೂ ಇರುವುದನ್ನು ನೋಡಲಿ ಎಂದು," ಎಂದು ಗುರುಗಳು ಮತ್ತೊಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

ಬೆಳಗಾಯಿತು. ಕೆಳಗೆ ಜಟ್ಟಿ ದೋಣಿಗೆ ಬಲೆ ತುಂಬುತ್ತಿದ್ದ. ಗುರುಗಳು ಶಿಷ್ಯನ ಹೆಗಲು ಹಿಡಿದು ಬಂಡೆಯ ಮೇಲೆ ನಿಂತರು.

"ಹೇಳು."

ವಿಠೋಬ ನೋಡಿದ. ಮಾತಿಗೆ ಮೊದಲು ಇಷ್ಟು ಹೊತ್ತು ಅವನು ಎಂದೂ ನೋಡಿರಲಿಲ್ಲ.

"ಗಾಳಿ ಮೂಡಣದಿಂದ. ಸಣ್ಣಗಿದೆ, ಒಣಗಿದೆ. ಗದ್ದೆಯ ಹೊಗೆ ನೇರ ಕಡಲಿನ ಕಡೆ ಹೋಗುತ್ತಿದೆ."

"ಹೂಂ."

"ಅಲೆ ಮುರಿಯುವುದು ಅಳಿವೆಯ ಬಡಗಣ ದಿಬ್ಬದ ಮೇಲೆ ಮಾತ್ರ. ತೆಂಕಣ ಬದಿಯಲ್ಲಿ ದಾರಿ ತೆರೆದಿದೆ."

"ಹೂಂ."

"ಪಡುವಣದಲ್ಲಿ ಮೋಡವಿಲ್ಲ. ಮೂಡಣ ಬೆಟ್ಟದ ಮೇಲೂ ಏನೂ ಇಲ್ಲ. ಬೆಟ್ಟದ ಗೆರೆ ಚೆನ್ನಾಗಿ ಕಾಣುತ್ತಿದೆ."

"ಇನ್ನೇನಾದರೂ ಇದೆಯೇ?"

 "ಹೆದರಿಕೆ ಇದೆ, ಗುರುಗಳೇ."

"ಯಾವ ದಿಕ್ಕಿನಲ್ಲಿ?"

ವಿಠೋಬ ಸುತ್ತ ನೋಡಿದ. ಆಮೇಲೆ ಗುರುಗಳ ಕೈ ತೆಗೆದು ತನ್ನ ಎದೆಯ ಮೇಲಿಟ್ಟುಕೊಂಡ. "ಇಲ್ಲಿ."

"ಆ ಕಡೆ ದೋಣಿಗಳು ಹೋಗುವುದಿಲ್ಲ," ಎಂದರು ಗುರುಗಳು.

ವಿಠೋಬ ಶಂಖ ಊದಿದ.

ಕೆಳಗೆ ದಂಡೆಯಿಂದ ಹೋ ಎಂಬ ಕೂಗು ಎದ್ದಿತು. ಜಟ್ಟಿ ಗುರುಗಳನ್ನು ಎತ್ತಿ ದೋಣಿಯಲ್ಲಿ ಕೂರಿಸಿದ.

"ಅಜ್ಜಾ, ಮೀನು ಮುಟ್ಟಿ ಮಡಿ ಕೆಡಿಸ್ಕಬೇಡಿ!" ಎಂದು ಸೋಮಿ ಕೂಗಿದಳು.

"ನನ್ನ ಮುಟ್ಟಿದರೆ ಮೀನಿನ ಮಡಿ ಕೆಡುತ್ತದೆ, ಅದಕ್ಕೆ ಹೇಳು," ಎಂದರು ಗುರುಗಳು.

ದೋಣಿಗಳು ತೆಂಕಣ ಬದಿಯಿಂದ ಅಳಿವೆ ದಾಟಿದವು. ಚುಕ್ಕೆಗಳಾದವು.

ವಿಠೋಬ ಬಂಡೆ ಬಿಟ್ಟು ಇಳಿಯಲಿಲ್ಲ. ಮಧ್ಯಾಹ್ನ ಸೋಮಿ ಗಂಜಿಗೆ ಕರೆದಳು.

"ನೀವು ನೋಡ್ತಾ ಕೂತರೆ ದೋಣಿ ಬೇಗ ಬತ್ತದಾ?"

"ನೀವು ಉಣ್ಣಿ, ಸೋಮಕ್ಕಾ. ಅವರು ಬಂದ ಮೇಲೆ ಉಣ್ಣುತ್ತೇನೆ."

ಹೊತ್ತು ಇಳಿಯುವಾಗ ಅವನ ಬೆನ್ನಿಗೆ ತಣ್ಣನೆ ಗಾಳಿ ತಗುಲಿತು. ತಿರುಗಿ ನೋಡಿದ. ಬೆಟ್ಟದ ಗೆರೆ ಇರಲಿಲ್ಲ.

ಬೆಳಿಗ್ಗೆ ಏನೂ ಇಲ್ಲದಲ್ಲಿ ಈಗ ಮೋಡ ಗೋಪುರದಂತೆ ಎದ್ದು ನಿಂತಿತ್ತು. ಬುಡ ಕಪ್ಪಾಗಿತ್ತು. ಅವನು ನೋಡುತ್ತಿರುವಂತೆಯೇ ಗುಡುಗಿತು. ಮಳೆ ಗದ್ದೆಗಳನ್ನು ದಾಟಿತು, ಬಂಡೆಯನ್ನು ದಾಟಿತು, ಕಡಲಿಗೆ ಇಳಿಯಿತು. ಮರಳಿ ಬರುತ್ತಿದ್ದ ದೋಣಿಗಳು ಬಿಳಿ ಪರದೆಯ ಹಿಂದೆ ಮರೆಯಾದವು.

ಅವರಿಗೆ ಅಳಿವೆ ಕಾಣುವುದಿಲ್ಲ. ಕಾಣದೆ ಬಡಗಣ ದಿಬ್ಬಕ್ಕೆ ಬಂದರೆ ದೋಣಿ ಒಡೆಯುತ್ತದೆ.

ವಿಠೋಬ ಬಂಡೆಯ ತುದಿಗೆ, ತೆರೆದ ದಾರಿಯ ಪಕ್ಕಕ್ಕೆ ಓಡಿದ. ಶಂಖ ಊದಿದ.

ಉಸಿರು ಮುಗಿಯಿತು. ಇನ್ನೊಂದು ಉಸಿರು ತೆಗೆದುಕೊಂಡ. ಮತ್ತೆ ಊದಿದ.

ಗುಡುಗಿನ ನಡುವೆ ಅವನ ದನಿ ಅವನಿಗೇ ಕೇಳುತ್ತಿರಲಿಲ್ಲ. ತುಟಿ ಒಡೆದು ಉಪ್ಪು ಹತ್ತಿತು. ಅದು ಕಡಲ ಹನಿಯೋ, ರಕ್ತವೋ, ಕಣ್ಣೀರೋ ಅವನಿಗೆ ತಿಳಿಯಲಿಲ್ಲ. ಸೋಮಿ ಓಡಿ ಬಂದು ಮಳೆಗೆ ಹೊದೆಯುವ ತನ್ನ ಗೊರಬನ್ನು ಅವನ ತಲೆಯ ಮೇಲೆ ಹಿಡಿದಳು. 

"ನಿಲ್ಲಿಸಬೇಡಿ, ಸ್ವಾಮೇರೇ. ನಿಲ್ಲಿಸಬೇಡಿ."

ಪರದೆಯಿಂದ ಒಂದು ದೋಣಿ ಹೊರಗೆ ಬಂತು. ತೆಂಕಣ ಬದಿಯಿಂದ ಒಳಗೆ ನುಗ್ಗಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ.

ಎಲ್ಲಕ್ಕಿಂತ ಕೊನೆಗೆ ಜಟ್ಟಿಯ ದೋಣಿ. ಅದರ ಮುಂದುಗಡೆ ಗುರುಗಳು ಕೈ ಚಾಚಿ ಕೂತಿದ್ದರು. ಕೈ ನೇರವಾಗಿ ಶಂಖದ ಕಡೆಗಿತ್ತು.

"ನಮಗೆಲ್ಲ ಗುಡುಗೇ ಕೇಳಿದ್ದು," ಎಂದ ಜಟ್ಟಿ, ದೋಣಿ ಎಳೆಯುತ್ತ. "ಅಜ್ಜ ಮಾತ್ರ ಅಲ್ಲಿ, ಅಲ್ಲಿ ಅಂತ ತೋರಿಸ್ತಾ ಬಂದರು. ಕಣ್ಣಿದ್ದವರು ನಾವು ಸುಮ್ಮನೆ ಹುಟ್ಟು ಹಾಕಿದೆವು."

"ಬುಟ್ಟಿ ತುಂಬ ಮೀನು ತಂದು ಎಂತಾ ಬಡಾಯಿ! ಸ್ವಾಮೇರು ಇಲ್ಲಿ ಗಂಜಿಗೂ ಏಳದೆ ಕೂತಿದ್ರು!" ಎಂದು ಸೋಮಿ ಅವನ ಬೆನ್ನಿಗೊಂದು ಗುದ್ದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಳೆ ಬಂದಷ್ಟೇ ಬೇಗ ಹೋಯಿತು. ಪಡುವಣದಲ್ಲಿ ಹೊತ್ತು ಮುಳುಗುವ ಬೆಳಕು ಬಿತ್ತು.

ವಿಠೋಬ ಗುರುಗಳನ್ನು ಬಂಡೆಯ ಮೇಲೆ ಕರೆತಂದು ಅವರ ಕಾಲು ಹಿಡಿದ. "ತಪ್ಪಾಯಿತು. ಬೆಟ್ಟದ ಮೇಲೆ ಏನೂ ಇಲ್ಲ ಎಂದಿದ್ದೆ."

"ಆಗ ಇತ್ತೇ?"

"ಇರಲಿಲ್ಲ."

"ಮತ್ತೆ ತಪ್ಪು ಯಾವುದು?"

 ವಿಠೋಬ ತಲೆ ಎತ್ತಿ ಮೆಲ್ಲಗೆ ಕೇಳಿದ: "ಹಾಗಾದರೆ ನನ್ನ ತಮ್ಮ ದಾಮು ಕಡಲಿಗೆ ಹೋದ ಬೆಳಿಗ್ಗೆಯೂ... ಆಕಾಶ ಸುಳ್ಳು ಹೇಳಿರಲಿಲ್ಲ ಅಲ್ಲವೇ?"

ಗುರುಗಳು ಒದ್ದೆ ಕೈಯನ್ನು ಅವನ ಒದ್ದೆ ತಲೆಯ ಮೇಲಿಟ್ಟರು. ತೆಗೆಯಲಿಲ್ಲ.

ಕೊನೆಗೆ, "ಹೆದರಿಕೆ ಹೋಯಿತೇ?" ಎಂದರು.

"ಇಲ್ಲ."

"ಇರಲಿ ಬಿಡು. ಅದಿಲ್ಲದವನು ಮಧ್ಯಾಹ್ನವೇ ಗಂಜಿಗೆ ಎದ್ದು ಹೋಗಿರುತ್ತಿದ್ದ."

ದಂಡೆಯಲ್ಲಿ ಹೆಂಗಸರು ಮೀನು ಬೇರೆ ಮಾಡುತ್ತಿದ್ದರು. ಜಟ್ಟಿ ಬಲೆ ಕೊಡವುತ್ತ ಮೇಲಕ್ಕೆ ಕೂಗಿದ: "ಸ್ವಾಮೇರೇ, ನಾಳೆ ಹೆಂಗೆ? ದೋಣಿ ಮೇಲಕ್ಕೆ ಎಳೀಲಾ, ಇಲ್ಲೇ ಬಿಡಲಾ?"

ವಿಠೋಬ ಆಕಾಶ ನೋಡಿದ. ಬೆಟ್ಟದ ಕಡೆ ನೋಡಿದ. ಅಲೆ ನೋಡಿದ. ಆಮೇಲೆ ಗುರುಗಳ ಕಡೆ ತಿರುಗಿದ.

"ನಾಳೆ ಹೇಗಿರುತ್ತದೆ, ಗುರುಗಳೇ?"

ಗುರುಗಳು ಪಂಚೆ ಹಿಂಡಿಕೊಳ್ಳುತ್ತ ಹೇಳಿದರು: "ಬಂಡೆಯ ಮೇಲೆ ನೀನಿರುತ್ತೀಯಲ್ಲ."