ಹಕ್ಕಿಗಿಟ್ಟ ನೀರು

ಹೊಳೆದಂಡೆಯ ಆ ಮಠದಲ್ಲಿ ಇದ್ದದ್ದು ಒಂದೇ ನೇಮ: ಯಾವ ಜೀವವನ್ನೂ ಕೊಲ್ಲುವಂತಿಲ್ಲ. ಶಿಷ್ಯ ಮರುಳಸಿದ್ಧನೋ, ಇರುವೆ ಎದುರಾದರೂ ಪಕ್ಕಕ್ಕೆ ಸರಿದು ನಿಲ್ಲುವ ಪೈಕಿ.

ಆದರೂ ಮಠದ ಗುಬ್ಬಿಗಳು ಸಾಯುತ್ತಿದ್ದವು. ಸಂಜೆ ಮೈ ಉಬ್ಬಿಸಿಕೊಂಡು ಕೂತದ್ದು ಬೆಳಗಾಗುವಷ್ಟರಲ್ಲಿ ಕಾಲು ಚಾಚಿರುತ್ತಿತ್ತು. ಸಿದ್ಧ ಅಳುತ್ತಲೇ ಅವನ್ನು ಬೇವಿನ ಬುಡದಲ್ಲಿ ಹೂಳುತ್ತಿದ್ದ.

ಒಂದು ದಿನ ಅವನೇ ತುತ್ತಿಟ್ಟು ಸಾಕಿದ ಗೊರವಂಕವೂ ಹಾಗೇ ಮುದುಡಿ ಕೂತಿತು. ಸಿದ್ಧ ಅದನ್ನು ಉಡಿಯಲ್ಲಿ ಕಟ್ಟಿಕೊಂಡು ಪೇಟೆಯ ದನದ ಡಾಕ್ಟರ ಬಳಿ ಓಡಿದ. ಮರಳುವಾಗ ಹೊತ್ತು ಇಳಿದಿತ್ತು.

"ಏನಂದ್ರಲೇ?" ಅಂದರು ಅಜ್ಜಾರು. ಮಠದ ಗುರುಗಳನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೇ.

"ಹಕ್ಕಿಗಳ ಮಲೇರಿಯಾ ಅಂತ್ರೀ. ರಕ್ತದಾಗ ಕಣ್ಣಿಗೆ ಕಾಣದ್ದೊಂದು ಜೀವಿ. ಸೊಳ್ಳಿ ಕಡದು ಒಂದು ಹಕ್ಕಿಯಿಂದ ಇನ್ನೊಂದಕ್ಕ ದಾಟಸ್ತದಂತ. ಔಷಧ ಹಾಕ್ಯಾರ. ಉಳಿದ್ರ ದೇವರ ದಯಾ ಅಂದ್ರು."

"ಸೊಳ್ಳಿ ಎಲ್ಲಿಂದ ಬಂದ್ವು?"

ಸಿದ್ಧನ ಕಣ್ಣು ಬೇವಿನ ಕಡೆ ಹೊರಳಿತು.

ಅಜ್ಜಾರು ಬೇವಿನ ಕೆಳಗಿನ ಮಣ್ಣಿನ ಬಾನಿಯ ಬಳಿ ಹೋದರು. ಹಕ್ಕಿ ಕುಡಿಯಲೆಂದು ಸಿದ್ಧ ದಿನಾ ಅದಕ್ಕೆ ನೀರು ಸುರಿಯುತ್ತಿದ್ದ. ಹಳೆಯ ನೀರು ಮಾತ್ರ ಚೆಲ್ಲುತ್ತಿರಲಿಲ್ಲ. ಒಳಗೆ ಸೊಳ್ಳೆಮರಿಗಳು ಮಿಜಿಮಿಜಿ ಅನ್ನುತ್ತಿದ್ದವು.

"ಇವನ್ನ ನೋಡಿದ್ದಿಲ್ಲೇನು?"

"ನೋಡೀನ್ರಿ. ಚೆಲ್ಲಿದ್ರ ಸಾಯ್ತಾವಲ್ರಿ. ಕೊಲ್ಲಬ್ಯಾಡ ಅಂತ ನೀವ ಹೇಳೀರಿ."

ಹೊತ್ತು ಮುಳುಗುತ್ತಿತ್ತು. ಉಳಿದ ಹಕ್ಕಿಗಳೆಲ್ಲ ಬೇವಿಗೆ ಬಂದು ಕೂತಿದ್ದವು. ಬಾನಿಯಿಂದ ಸೊಳ್ಳೆಗಳು ಗುಂಯ್‌ಗುಟ್ಟುತ್ತ ಮೇಲೇಳತೊಡಗಿದವು.

"ಚೆಲ್ಲು," ಅಂದರು ಅಜ್ಜಾರು.

ಸಿದ್ಧ ಬಾನಿಯ ಅಂಚು ಹಿಡಿದ. ಹೊಟ್ಟೆಗೆ ಒತ್ತಿಕೊಂಡಿದ್ದ ಗೊರವಂಕ ಉಸಿರಿಗಾಗಿ ಒದ್ದಾಡುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು. ಆದರೂ ಬಾನಿಯಿಂದ ಕೈ ತೆಗೆದ.

"ನನ್ನ ಕೈಲೆ ಆಗೂದಿಲ್ರಿ ಅಜ್ಜಾರ. ನೇಮ ಮುರೀತದ."

ಒಂದು ಇರುವೆಯನ್ನೂ ತುಳಿಯದೆ ಮುಪ್ಪಾದ ಆ ಜೀವ ಆಗ ಮಾಡಿದ್ದೇನು! ಧೋತರ ಎತ್ತಿ ಕಟ್ಟಿ, ಬಾನಿಗೆ ಎರಡೂ ಕೈ ಕೊಟ್ಟು ಮಗುಚಿಯೇಬಿಟ್ಟರು. ನೀರು ಕಾದ ಮಣ್ಣಿನಲ್ಲಿ ಇಂಗಿತು. ಮರಿಗಳು ವಿಲವಿಲ ಒದ್ದಾಡಿ ಸುಮ್ಮನಾದವು.

ಸಿದ್ಧ ಹೌಹಾರಿದ. "ಶಿವನೇ! ಇಷ್ಟು ಜೀವದ ಪಾಪ!"

ಅಜ್ಜಾರು ಏದುಸಿರು ಬಿಡುತ್ತ ಅಲ್ಲೇ ಕೂತರು.

"ಇವುಗಳ ಪಾಪ ನನಗಿರ್ಲಿ. ಈ ಬೇವಿನ ಬುಡಕ್ಕ ಹುಗದೀಯಲ್ಲ, ಅವುಗಳದ್ದು ಯಾರಿಗೆ ಕೊಡ್ತೀ?"