ಬೋರಲಿಂಗ ಡಿಜೆ ಲೈಟು ಕಟ್ಟಿದ್ದು

"ಪೆದ್ದ ಅಲ್ಲ ಕಣ್ಲಾ ನನ್ ಮಗ! ಹೇಳಿದ್ದನ್ನ ಹೇಳ್ದಂಗೇ ಮಾಡ್ತಾನೆ, ಅದೇನ್ ತಪ್ಪಾ?"

ನಿಂಗಾಜಮ್ಮ ಹಿಂಗೆ ಕೂಗಿದ ತಕ್ಷಣ ಅವಳ ತಮ್ಮ ರಂಗಧಾಮ ಕಾಫಿ ಲೋಟ ಹಿಡ್ಕೊಂಡು ಹಂಗೇ ಬಾಯಿ ಬಿಟ್ಟ. "ಪೆದ್ದ ಅಂತ ಯಾರಕ್ಕಾ ಅಂದ್ರು? ನಾನು ಸಕ್ಕರೆ ಕಮ್ಮಿ ಐತೆ ಅಂದೆ, ಅಷ್ಟೇ!"

"ನಿನ್ ಮಕ ನೋಡಿದ್ರೇ ಗೊತ್ತಾಯ್ತದೆ ಬಿಡು, ಒಳಗೊಳಗೇ ಏನ್ ಅನ್ಕೊಂಡೆ ಅಂತ!"

ಮೂಲೇಲಿ ಕೂತು ಅವಲಕ್ಕಿ ತಿಂತಾ ಇದ್ನಲ್ಲ ಬೋರಲಿಂಗ, ಅವನ ವಿಷಯಾನೇ ಇದು. ನಾಗಮಂಗಲದಲ್ಲಿ ಅವನನ್ನ ಕೆಲಸಕ್ಕೆ ಇಟ್ಕೊಳ್ಳದ ಅಂಗಡಿ ಇಲ್ಲ, ಓಡಿಸದ ಅಂಗಡೀನೂ ಇಲ್ಲ. ಹೋಟ್ಲಲ್ಲಿ "ಟೇಬಲ್ ಮೇಲಿರೋದೆಲ್ಲ ತೆಗೆದು ಒರೆಸು" ಅಂದಿದ್ದಕ್ಕೆ, ಗಿರಾಕಿ ತಿಂತಿದ್ದ ದೋಸೇನೂ ತೆಗೆದು ಒರೆಸಿದ್ದ! ಇನ್ನು ಉಳಿದಿದ್ದು ಸೋದರಮಾವ ಒಬ್ಬನೇ. ರಂಗಧಾಮಂದು ಡಿಜೆ ಸೆಟ್ಟು. ಸ್ಪೀಕರು, ಬಣ್ಣಬಣ್ಣದ ಲೈಟು ಎಲ್ಲಾ ಲಗೇಜ್ ಆಟೋಗೆ ತುಂಬ್ಕೊಂಡು ಮದುವೆ, ನಾಮಕರಣ ಅಂತ ಊರೂರು ಸುತ್ತೋನು. ಅವನಿಗೊಬ್ಳು ಮಗಳು, ಚೈತ್ರ.

ನಿಂಗಾಜಮ್ಮನ ಕಣ್ಣು ಚೈತ್ರನ ಮೇಲೆ. ಬೋರನ ಕಣ್ಣೂ ಚೈತ್ರನ ಮೇಲೆ. ಚೈತ್ರ? ಅವಳೂ ಇವನನ್ನ ನೋಡ್ದಾಗೆಲ್ಲ ನಗೋಳು. ಯಾಕೆ ನಗ್ತಾಳೆ ಅಂತ ಮಾತ್ರ ಬೋರಂಗೆ ಗೊತ್ತಾಗ್ತಿರ್ಲಿಲ್ಲ.

"ಸರಿ ಕಣಕ್ಕ, ನನ್ ಜೊತೆ ಬರ್ಲಿ," ಅಂದ ರಂಗಧಾಮ. "ಒಂದೇ ಒಂದು ಪ್ರೋಗ್ರಾಂ ನೆಟ್ಟಗೆ ಮಾಡಿ ತೋರಿಸ್ಲಿ, ಹೆಣ್ಣು ಕೊಡೋ ಮಾತಾಡಣ. ಇಲ್ಲಾಂದ್ರೆ ಬೇರೆ ಕಡೆ ಗಂಡು ನೋಡ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬೇಡ."

ಮೊದಲನೇದು ನಾಮಕರಣ. ಇಷ್ಟೇ ಇಷ್ಟು ಛತ್ರ. "ಜಾಗ ಇಲ್ಲ ಬೋರಾ, ಸ್ಪೀಕರ್ ಸ್ಟ್ಯಾಂಡು ಒತ್ತಾಗಿ ನಿಲ್ಸು" ಅಂದ ಮಾವ. ಬೋರ ಸ್ಟ್ಯಾಂಡಿನ ಮೂರು ಕಾಲನ್ನೂ ಛತ್ರಿ ಮಡಚ್ದಂಗೆ ಮಡಚಿ, ಒತ್ತಿ, ತುದೀಲಿ ಸ್ಪೀಕರ್ ಕೂರಿಸಿ, ಕೈ ಬಿಟ್ಟ. ಕೈ ಬಿಟ್ಟಿದ್ದೊಂದೇ ಗೊತ್ತು. ಸ್ಪೀಕರ್ ಸೀದಾ ಪಾಯಸದ ಹಂಡೆಗೆ!

"ಅಯ್ಯೋ ಮುಂಡೇದೇ! ಕಾಲು ಅಗಲಿಸಿ ಮೇಲೆ ಮರಳು ಮೂಟೆ ಹೇರ್ಬೇಕು ಕಣ್ಲಾ! ನಿಂತಿರೋದು ಅಲ್ಲಾಡ್ತಾ? ಕಾಲು ಅಗಲ್ಸು, ಮೂಟೆ ಹೇರು! ತಿಳೀತಾ?"

"ತಿಳೀತು ಮಾವ. ಕಾಲು ಅಗಲ್ಸು, ಮೂಟೆ ಹೇರು."

ಮುಂದಿನದು ರಿಸೆಪ್ಷನ್ನು. ಈ ಸಲ ಸ್ಟ್ಯಾಂಡುಗಳು ಬಂಡೆ ಥರ ನಿಂತಿದ್ವು. ಮಾವಂಗೂ ಖುಷಿ. ಅಷ್ಟರಲ್ಲಿ ಮದುಮಗಳ ತಾತ ಫೋಟೋಗೆ ಅಂತ ಸ್ಟೇಜ್ ಹತ್ತಿದ್ರು. ವಯಸ್ಸಾದ ಜೀವ, ಕಾಲು ಗಡಗಡ ನಡುಗ್ತಿತ್ತು.

ಬೋರ ನೋಡ್ದ. ನಿಂತೈತೆ! ಅಲ್ಲಾಡ್ತೈತೆ!

ಓಡೋಡಿ ಹೋದ. ತಾತನ ಕಾಲು ಅಗಲಿಸ್ದ. ಎಡಪಾದದ ಮೇಲೊಂದು ಮೂಟೆ, ಬಲಪಾದದ ಮೇಲೊಂದು ಮೂಟೆ.

"ಲೋ, ಯಾವನ್ಲಾ ನೀನು! ನನ್ ಕಾಲು! ಅಯ್ಯಯ್ಯೋ ನನ್ ಕಾಲು!"

"ಹೆದರ್ಬೇಡಿ ತಾತ, ಇನ್ನು ಬಿರುಗಾಳಿ ಬಂದ್ರೂ ನೀವು ಬೀಳಲ್ಲ!"

ಫೋಟೋದವನು ಅದನ್ನೂ ಕ್ಲಿಕ್ ಮಾಡ್ಕೊಂಡ.

ಮಾವ ಆಟೋ ಹಿಂದಕ್ಕೆ ಎಳ್ಕೊಂಡು ಹೋಗಿ ಬೈದ. "ಕೆಳಗೆ ನೋಡಿದ್ದು ಸಾಕು, ಇನ್ನು ಮೇಲೆ ನೋಡ್ಲಾ! ಕಬ್ಬಿಣದ ಕಂಬಿಗೆ ಲೈಟು ನೇತಾಕ್ತೀವಲ್ಲ, ಅದನ್ನ ಹಿಡಿದಿರೋದು ಒಂದೇ ಕ್ಲಾಂಪು. ಅದು ಜಾರಿದ್ರೆ? ಅದಕ್ಕೇ ಸೇಫ್ಟಿ ವೈರು ಅಂತ ಇನ್ನೊಂದು ಕಟ್ಟೋದು. ಮೇಲೆ ಏರಿದ್ದು ಏನೇ ಆಗ್ಲಿ, ಕಂಬಿಗೆ ವೈರ್ ಕಟ್ಬಿಡು!"

"ಏನೇ ಆಗ್ಲಿ ಕಟ್ಬಿಡ್ತೀನಿ ಮಾವ."

ಮನೇಲಿ ನಿಂಗಾಜಮ್ಮ ಕೇಳಿದ್ಲು, "ಹೆಂಗಾಯ್ತಪ್ಪ?"

"ಚೆನ್ನಾಗೇ ಆಯ್ತವ್ವ. ಸ್ಪೀಕರೂ ಬೀಳ್ಲಿಲ್ಲ, ತಾತಾನೂ ಬೀಳ್ಲಿಲ್ಲ. ಆದ್ರೂ ಮಾವ ಬೈದ. ಯಾಕೆ ಅಂತ್ಲೇ ಗೊತ್ತಾಗ್ಲಿಲ್ಲ."

ಅವ್ವ ಹಣೆ ಚಚ್ಕೊಂಡ್ಲು. ತಾತ ಎಲ್ಲಿಂದ ಬಂದ ಅಂತ ಕೇಳೋ ಧೈರ್ಯ ಬರ್ಲಿಲ್ಲ.

ಆಮೇಲೊಂದು ಮದುವೆ. ಲೈಟಿಗೆಲ್ಲ ವೈರ್ ಕಟ್ಟಾಯ್ತು. ಹಾಡು ಶುರುವಾಯ್ತು, ಹುಡುಗ್ರು ಕುಣಿದ್ರು, ಕುಣೀತಾ ಕುಣೀತಾ ಮದುಮಗನನ್ನ ಎತ್ತಿ ಹೆಗಲ ಮೇಲೆ ಕೂರಿಸ್ಕೊಂಡ್ರು. ಬೋರ ನೋಡ್ದ. ಮೇಲೆ ಏರೈತೆ! ವೈರೇ ಇಲ್ಲ! ಏಣಿ ತಂದ. ಮದುಮಗನ ಬೆಲ್ಟಿಗೆ ವೈರಿನ ಕೊಕ್ಕೆ ಸಿಗಿಸ್ದ, ಇನ್ನೊಂದು ತುದಿ ಕಂಬಿಗೆ ಬಿಗಿದ. ಹುಡುಗ್ರು ಮದುಮಗಳ ಕಡೆ ಹೋದ್ರು. ಮದುಮಗ ಹೋಗ್ಲಿಲ್ಲ! ಅಲ್ಲೇ ನೇತಾಡ್ಕೊಂಡು, ಕೈಕಾಲು ಬಡೀತಾ, "ಇಳಿಸ್ರೋ! ನನ್ನ ಇಳಿಸ್ರೋ!" ಅಂತಿದ್ರೆ, ಹಸಿರು ಲೈಟು ಅವನ ಮೇಲೇ ತಿರುಗ್ತಿತ್ತು. ಇದೂ ಒಂದು ಐಟಂ ಅಂತ ಜನ ಶಿಳ್ಳೆ ಹೊಡೆದ್ರು.

"ಕಟ್ಬೇಡ!" ಅಂತ ಚೀರಿದ ಮಾವ. "ಇನ್ಮೇಲೆ ನೀನು ಏನೂ ಕಟ್ಬೇಡ! ನಿಂಗೆ ಒಂದೇ ಕೆಲಸ. ಲೈಟ್ ಕೆಳಗೆ ಯಾರೂ ಇರದಂಗೆ ನೋಡ್ಕೋ. ಯಾರೇ ಬರ್ಲಿ, ನಾನೇ ಬರ್ಲಿ, ಆಚೆಗೆ ಕಳ್ಸು! ಇದೇ ಕೊನೆ, ಇದೂ ಕೆಟ್ರೆ ನೀನೂ ಬೇಡ, ನಿನ್ ಸಂಬಂಧಾನೂ ಬೇಡ!"

ಸಂಬಂಧ ಅಂದಿದ್ದು ಬೋರನ ಎದೆಗೆ ನಾಟ್ತು. ಮುಂದಿನ ಮದುವೇಲಿ ಲೈಟು ಏರಿಸ್ದ, ಕ್ಲಾಂಪು ತಿರುಗಿಸ್ದ. ವೈರು? ಕಟ್ಬೇಡ ಅಂದಿದ್ರಲ್ಲ, ಕಟ್ಲಿಲ್ಲ. ಲೈಟ್ ಕೆಳಗೆ ಹೋಗಿ ನಿಂತ್ಕೊಂಡು, ಕುಣಿಯೋಕೆ ಬಂದ ಹುಡುಗೀರನ್ನ ಓಡಿಸ್ದ, ಬೀಗರನ್ನ ಓಡಿಸ್ದ, ಪುರೋಹಿತರನ್ನೂ ಓಡಿಸ್ದ. ಜನ ಉಗಿದ್ರು. ಬೋರ ಒರೆಸ್ಕೊಂಡ. ಅತ್ತ ಓಡಿ ಇನ್ಯಾರನ್ನೋ ತಳ್ತಿದ್ದಾಗ ಹಿಂದೆ ಧಡಾರ್! ಕ್ಲಾಂಪು ಜಾರಿ, ಅಷ್ಟು ದಪ್ಪ ಲೈಟು ಖಾಲಿ ನೆಲಕ್ಕೆ ಬಂದು ಬಿತ್ತು.

ಒಬ್ರಿಗೂ ತರಚಿದ ಗಾಯ ಇಲ್ಲ.

ಉಗಿದವರೇ ಬೋರನ್ನ ತಬ್ಕೊಂಡ್ರು. ಮದುವೆ ಯಜಮಾನ್ರು ಶಾಲು ಹೊದಿಸಿದ್ರು. ವೈರ್ ಯಾಕೆ ಕಟ್ಟಿರ್ಲಿಲ್ಲ ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಪಾಪ, ಹೇಳ್ತಿದ್ದ. ರಂಗಧಾಮ ಕಣ್ಣೀರು ಹಾಕ್ಕೊಂಡು ಅಕ್ಕಂಗೆ ಫೋನ್ ಹಚ್ಚಿದ. "ಅಕ್ಕಾ, ಭಾನುವಾರ ಮನೆ ನೋಡೋಕೆ ಬರ್ತೀವಿ. ತಾಂಬೂಲ ರೆಡಿ ಮಾಡ್ಕೋ!"

ಬಂದ್ರು. ರಂಗಧಾಮ, ಹೆಂಡ್ತಿ ಸಾವಿತ್ರಮ್ಮ, ಚೈತ್ರ. ನಿಂಗಾಜಮ್ಮ ನಡುಮನೇಲಿ ಚಾಪೆ ಹಾಸಿ ಕೂರಿಸಿ, ಕೇಸರಿಬಾತ್ ತರ್ತೀನಿ ಅಂತ ಅಡುಗೆಮನೆಗೆ ಹೋದ್ಲು. ಸಂಜೆ ಆಗಿತ್ತು. ಬೋರ ಒಳಗೆ ಬಂದು ಸ್ವಿಚ್ ಹಾಕ್ದ. ಮೇಲೆ ನೋಡ್ದ. ಬಲ್ಬು, ಒಂದೇ ವೈರಲ್ಲಿ ನೇತಾಡ್ತಿತ್ತು. ಕೆಳಗೆ ನೋಡ್ದ. ಚಾಪೆ. ಚಾಪೆ ತುಂಬ ಜನ!

"ಏಳಿ ಮಾವ! ಆಚೆಗೆ!"

"ಏನ್ಲಾ ತಮಾಷೆ?" ಅಂತ ನಕ್ಕ ರಂಗಧಾಮ.

"ಲೈಟ್ ಕೆಳಗಿದ್ದೀರ! ನಾನೇ ಬಂದ್ರೂ ಕಳ್ಸು ಅಂದಿದ್ರಿ!" ರಟ್ಟೆ ಹಿಡಿದು ಎಬ್ಬಿಸ್ಬಿಟ್ಟ. ಮಾವನ ಕೈಲಿದ್ದ ತಾಂಬೂಲದ ತಟ್ಟೆ ಉರುಳಿ ಅಡಿಕೆ ಮನೆ ತುಂಬ ಚೆಲ್ಲಾಡ್ತು.

"ಹೆಣ್ಣು ಕೊಡೋಕೆ ಬಂದೋರ್ನ ಹೊರಗೆ ದಬ್ತಾನಲ್ರೀ ಇವ್ನು!" ಅಂದ್ಲು ಸಾವಿತ್ರಮ್ಮ. ಅನ್ನೋವಷ್ಟರಲ್ಲಿ ಅವಳೂ ಹೊಸಿಲು ದಾಟಿದ್ಲು.

ಚೈತ್ರ ನಗ್ತಾ ಕೇಳಿದ್ಲು, "ಭಾವ, ನಾನೂ ಹೋಗ್ಬೇಕಾ?"

"ನೀನೇ ಮೊದ್ಲು ಹೋಗ್ಬೇಕಿತ್ತು! ನಿನ್ ಮೇಲೆ ಬಿದ್ರೆ ನಾನೇನ್ ಮಾಡ್ಲಿ?"

ಚೈತ್ರನ ನಗು ನಿಂತೋಯ್ತು. ಬೋರನ್ನ ಒಂದು ಥರ ನೋಡಿದ್ಲು. ಯಾಕೆ ನಗು ನಿಲ್ಸಿದ್ಲು ಅಂತ್ಲೂ ಬೋರಂಗೆ ಗೊತ್ತಾಗ್ಲಿಲ್ಲ.

"ಬಾರೇ ಇತ್ಲಾಗೆ!" ಅಂತ ಹೊರಗಿಂದ ರಂಗಧಾಮ ಕಿರುಚಿದ. "ಈ ಜನ್ಮದಲ್ಲಿ ಬೇಡ ಈ ಸಂಬಂಧ!" ಆಟೋ ಬುರ್ರಂತ ಹೋಯ್ತು.

ನಿಂಗಾಜಮ್ಮ ತಟ್ಟೆ ಹಿಡ್ಕೊಂಡು ಅಡುಗೆಮನೆ ಬಾಗಿಲಿಗೆ ಬಂದ್ಲು. ಖಾಲಿ ಚಾಪೆ. ನಡುವೆ ಮಗ.

"ಎಲ್ಲೋ ಎಲ್ಲಾ?"

"ಎಲ್ಲಾರ್ನೂ ಕಳಿಸ್ದೆ ಅವ್ವ. ಒಬ್ರಿಗೂ ಏನೂ ಆಗ್ಲಿಲ್ಲ."

"ಕಳಿಸ್ದ್ಯಾ! ಮನೆಗೆ ಬಂದ ಹೆಣ್ಣನ್ನೇ ಕಳಿಸ್ದ್ಯಾ! ಈಗ ಆ ಲೈಟ್ ಕೆಳಗೆ ಯಾವ ಕತ್ತೆ ಉಳ್ಕೊಂಡೈತೆ, ಕಣ್ಬಿಟ್ಟು ನೋಡ್ಲಾ!"

ಬೋರ ನೋಡ್ದ. ಮೇಲೆ ಬಲ್ಬು. ಕೆಳಗೆ ಚಾಪೆ. ಚಾಪೆ ಮೇಲೆ ಎರಡು ಕಾಲು. ತನ್ನವೇ!

"ಅಯ್ಯೋ! ಹೌದಲ್ಲವ್ವ!"

ಎದ್ನೋ ಬಿದ್ನೋ ಅಂತ ಆಚೆಗೆ ಓಡ್ದ. ಬಲ್ಬು ಅಲ್ಲಾಡ್ಬಾರ್ದು ನೋಡಿ, ಅದಕ್ಕೇ ಬಾಗಿಲನ್ನ ಮಾತ್ರ ಮೆಲ್ಲಗೆ ಎಳ್ಕೊಂಡ.