ಸೀಟಿನ ಕೆಳಗಿನ ನಂಬರು

"ಬುದ್ಧಿ, ನಾನು ಒಂದಿಷ್ಟೂ ಬದಲಾಗಿಲ್ಲ. ಅಣ್ಣ ಮಾತ್ರ ಯಾಕೆ ಹೀಗಾದ?" ಎಂದು ಗುರುಪಾದ ಮಠದ ಗುರುಗಳನ್ನು ಕೇಳಿದ.

ಮಠ ಸೇರಿದ ಒಂಬತ್ತು ವರ್ಷಗಳ ಮೇಲೆ ಅವನು ಮೊದಲ ಸಲ ಊರಿಗೆ ಹೋಗಿ ಬಂದಿದ್ದ. ಅಷ್ಟೂ ವರ್ಷ ಮನೆಯ ಹಿಟ್ಟಿನ ಗಿರಣಿ ನಡೆಸಿ, ಹಾಸಿಗೆ ಹಿಡಿದ ಅವ್ವನನ್ನು ಕೊನೆಯವರೆಗೂ ನೋಡಿಕೊಂಡವನು ಅಣ್ಣ. ಗುರುಪಾದ ಹಿಂದಿನಂತೆಯೇ ಅಣ್ಣನನ್ನು ರೇಗಿಸಿದ, ಹಿಂದಿನಂತೆಯೇ ಅವನ ತಟ್ಟೆಗೆ ಕೈಹಾಕಿ ತುತ್ತು ಕಿತ್ತುಕೊಂಡ. ಅಣ್ಣ ನಗಲಿಲ್ಲ. ಕೈ ತೊಳೆದು ಎದ್ದುಹೋದ. ಗುರುಪಾದನಿಗೆ ಬಹಳ ನೋವಾಯಿತು. ಇನ್ನು ಆ ಮನೆಯ ಹೊಸಿಲು ತುಳಿಯುವುದಿಲ್ಲವೆಂದು ಬಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ. ಗುರುಗಳು ಹೂಂ ಎಂದುಬಿಟ್ಟರೆ ಅಣ್ಣತಮ್ಮಂದಿರ ನಂಟು ಅಲ್ಲಿಗೆ ಮುಗಿಯುತ್ತಿತ್ತು.

ಗುರುಗಳು ಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬರು ಮೇಷ್ಟ್ರಿದ್ದರು. ಅವರದೊಂದು ಕೆಂಪು ಬೈಕು. ಆ ಕೆಂಪನ್ನು ಆರಿಸಿದವಳು ಅವರ ಹೆಂಡತಿ. ಬೇರೆ ಬಣ್ಣದ ಬೈಕಾದರೆ ತಾನು ಹತ್ತುವುದೇ ಇಲ್ಲವೆಂದು ಆಕೆ ಮೊದಲೇ ಹೇಳಿಬಿಟ್ಟಿದ್ದಳು. ಒಂದು ದಿನ ತಿರುವಿನಲ್ಲಿ ಬೈಕು ಜಾರಿ ಬಿತ್ತು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಬೈಕಿನ ಮುಂದಕ್ಕೂ ಪಕ್ಕಕ್ಕೂ ಕೂರಿಸುವ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಫೇರಿಂಗ್ ಎನ್ನುತ್ತಾರೆ, ಅದು ಚೂರುಚೂರಾಯಿತು. ಹೊಸದನ್ನು ತರಿಸಿದರು. ಬಂದದ್ದು ಬಣ್ಣವಿಲ್ಲದ ಬರೀ ಕಪ್ಪು ಪ್ಲಾಸ್ಟಿಕ್ಕು.

ಮೇಷ್ಟ್ರು ಅದನ್ನು ಪೇಂಟರ್ ಬಳಿಗೆ ಒಯ್ದರು. ಬೈಕಿನ ಸೀಟೆತ್ತಿ, ಅದರ ಕೆಳಗೆ ಅಂಟಿಸಿದ್ದ ಚೀಟಿಯಲ್ಲಿನ ಬಣ್ಣದ ನಂಬರನ್ನು ಬರೆದುಕೊಟ್ಟರು.

"ಬೈಕನ್ನೂ ಬಿಟ್ಟು ಹೋಗಿ ಮೇಷ್ಟ್ರೇ. ಪಕ್ಕದಲ್ಲಿಟ್ಟು ನೋಡಿಕೊಂಡು ಬಣ್ಣ ಬೆರೆಸುತ್ತೇನೆ" ಎಂದ ಪೇಂಟರ್.

"ಕಂಪನಿಯವರೇ ಕೊಟ್ಟ ನಂಬರಿದೆ. ನಿನ್ನ ಕಣ್ಣಂದಾಜು ಬೇಡ" ಎಂದರು ಮೇಷ್ಟ್ರು.

ಪೇಂಟರ್ ವಾದ ಮಾಡಲಿಲ್ಲ. ಆ ನಂಬರಿನ ಬಣ್ಣವನ್ನೇ ತಂದು ಹೊಡೆದ. ಕೂರಿಸಿ, ಬೈಕನ್ನು ಬಿಸಿಲಿಗೆ ತಳ್ಳಿದರು. ಹೊಸ ಹೊದಿಕೆ ಹಣ್ಣುಮೆಣಸಿನಕಾಯಿಯ ಹಾಗೆ ಮಿಂಚಿತು. ಪೆಟ್ರೋಲ್ ಟ್ಯಾಂಕಿನದು ಹೆಂಚಿನ ಬಣ್ಣ. ಒಂದೇ ಬೈಕಿನವೆಂದು ಯಾರೂ ಹೇಳುವಂತಿರಲಿಲ್ಲ. ಮೇಷ್ಟ್ರು ಪೇಂಟರ್ ಕಡೆಗೆ ಬೊಟ್ಟು ಮಾಡಿ ರೇಗಿದರು. ಅವನು ಡಬ್ಬಿ ತಂದು ತೋರಿಸಿದ. ನಂಬರು ಅದೇ ಆಗಿತ್ತು. ಮೇಷ್ಟ್ರು ಬೊಟ್ಟನ್ನು ಟ್ಯಾಂಕಿನ ಕಡೆಗೆ ತಿರುಗಿಸಿದರು. "ಹಾಗಾದರೆ ಕೆಟ್ಟಿರುವುದು ಇದು. ಇದನ್ನೇ ಕೆರೆದುಹಾಕು!"

ಪೇಂಟರ್‌ಗೆ ನಗು ಬಂತು. "ಟ್ಯಾಂಕು ಯಾವ ತಪ್ಪು ಮಾಡಿದೆ ಮೇಷ್ಟ್ರೇ? ಇಷ್ಟು ವರ್ಷ ನಿಮ್ಮನ್ನು ಹೊತ್ತುಕೊಂಡು ಬಿಸಿಲಲ್ಲಿ ಓಡಿದೆ. ನಿಮ್ಮ ನಂಬರು ಸೀಟಿನ ಕೆಳಗೆ ನೆರಳಲ್ಲಿ ಕೂತಿತ್ತು. ಬೊಟ್ಟು ಮಾಡಿದ್ದು ಸಾಕು, ಇನ್ನು ಬೊಟ್ಟು ಇಟ್ಟು ನೋಡೋಣ."

ಅವನು ಕೆಂಪಿಗೆ ತುಸು ಹಳದಿ, ತುಸು ಬಿಳಿ ಬೆರೆಸಿದ. ಬೆರಳ ತುದಿಯಲ್ಲಿ ಅದ್ದಿ ಟ್ಯಾಂಕಿನ ಮೇಲೆ ಒಂದು ಬೊಟ್ಟು ಇಟ್ಟ. ಹಸಿ ಬಣ್ಣವನ್ನು ನಂಬುವಂತಿಲ್ಲ, ಆದ್ದರಿಂದ ಒಣಗುವವರೆಗೆ ಕಾದ. ಬೊಟ್ಟು ಎದ್ದು ಕಂಡಿತು. ಒರೆಸಿದ, ಮತ್ತೆ ಬೆರೆಸಿದ, ಮತ್ತೆ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಒಂದು ಬೊಟ್ಟು ಒಣಗಿದ್ದೇ ಕಾಣದಾಯಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗಲಿಲ್ಲ. ಆ ಬಣ್ಣವನ್ನೇ ಹೊದಿಕೆಗೆ ಹೊಡೆದ. ಸಂಜೆ ಹೆಂಡತಿ ಬೈಕು ಹತ್ತಿ ಕೂತಳು, ಏನೂ ಕೇಳಲಿಲ್ಲ.

ಗುರುಪಾದನಿಗೆ ಕತೆ ಹಿಡಿಸಿತು. ತನ್ನ ನೋವು ಮರೆತು ಜೋರಾಗಿ ನಕ್ಕುಬಿಟ್ಟ. "ಎಂಥ ಮೇಷ್ಟ್ರು ಬುದ್ಧಿ! ಬಿಸಿಲಿಗೆ ಬಣ್ಣ ಮಾಸುತ್ತದೆ ಅನ್ನುವಷ್ಟೂ ತಿಳಿಯಲಿಲ್ಲವಲ್ಲ."

ಗುರುಗಳೂ ನಕ್ಕರು. ಅವನ ನಗು ನಿಂತ ಮೇಲೆ ಕೇಳಿದರು:

"ಒಂಬತ್ತು ವರ್ಷ ನೀನು ಈ ಮಠದ ನೆರಳಲ್ಲಿದ್ದೆ, ಗುರುಪಾದ, ನಿನ್ನ ಅಣ್ಣ ಎಲ್ಲಿದ್ದ?"